ಆಚಾರವನ್ನು ತಿದ್ದಿದ ಆಚಾರ್ಯರು

ಶ್ರೀ ರಾಮಾನುಜಾಚಾರ್ಯರು ಸಂಪ್ರದಾಯದಂತೆ ಕ್ರಿ.ಶ. 1017ರಲ್ಲಿ ಶ್ರೀಪೆರುಂಬೂದೂರಿನಲ್ಲಿ ಅವತರಿಸಿದರು. ಶ್ರೀಭಾಷ್ಯಕಾರರೆಂದು ಲೋಕವಂದ್ಯರಾದ ಈ ಮಹನೀಯರು, ಉಚ್ಚನೀಚಭಾವವು ಮಾನವರ ನಡೆಯಲ್ಲಿ ಎಷ್ಟು ಆಳವಾಗಿ ಬೇರೂರಿರುತ್ತದೆಂಬುದನ್ನು ತಮ್ಮ ಮನೆಯಲ್ಲಿಯೇ ಕಂಡರು.

ಕಾಂಚಿಯ ವರದರಾಜಸ್ವಾಮಿಗೆ ಬೀಸಣಿಗೆಯ ಸೇವೆ ಸಲ್ಲಿಸುತ್ತಿದ್ದ ಕಾಂಚೀಪೂರ್ಣರು ಬ್ರಾಹ್ಮಣೇತರ ಕುಲದವರು. ತರುಣ ರಾಮಾನುಜರು ಅವರನ್ನು ಗುರುವೆಂದೇ ಬಗೆದರು. ಆದರೆ ಕಾಂಚೀಪೂರ್ಣರೇ ಕುಲಮರ್ಯಾದೆಯನ್ನು ನೆನೆದು ಆ ಗೌರವಕ್ಕೆ ಹಿಂಜರಿದರು. ಅವರು ಉಂಡುಳಿದುದನ್ನು ಪ್ರಸಾದವಾಗಿ ಸ್ವೀಕರಿಸುವ ಹಂಬಲದಿಂದ ರಾಮಾನುಜರು ಅವರನ್ನು ಭೋಜನಕ್ಕೆ ಆಹ್ವಾನಿಸಿದರು. ಕರೆತರಲು ಇವರು ಒಂದು ದಾರಿಯಲ್ಲಿ ಹೋದಾಗ, ಅವರು ಮತ್ತೊಂದು ದಾರಿಯಲ್ಲಿ ಬಂದು, ಉಂಡು, ತಾವೇ ಎಲೆಯೆತ್ತಿ, ನೆಲ ಸಾರಿಸಿ ಹೊರಟುಹೋದರು. ರಾಮಾನುಜರು ಹಿಂದಿರುಗುವ ವೇಳೆಗೆ ಪತ್ನಿ ತಂಜಮಾಂಬೆ ಉಳಿದ ಅನ್ನವನ್ನು ಪರರಿಗಿತ್ತು, ಸ್ನಾನಮಾಡಿ, ಹೊಸದಾಗಿ ಅಡಿಗೆಗೆ ತೊಡಗಿದ್ದರು. ಇಬ್ಬರಲ್ಲಿಯೂ ದುರ್ಭಾವವಿರಲಿಲ್ಲ. ಒಬ್ಬರ ವಿನಯವನ್ನೂ ಮತ್ತೊಬ್ಬರ ಮಡಿಯನ್ನೂ ಒಂದೇ ಸಂಸ್ಕಾರವು ರೂಪಿಸಿತ್ತು. ದೂರವಿಡುವುದನ್ನು ಮೇಲಿನವರು ಕಲಿತಂತೆ, ದೂರ ನಿಲ್ಲುವುದನ್ನು ಕೆಳಗಿನವರೂ ಕಲಿತಿದ್ದರು.

ರೂಢಿಯಿಂದ ಬಂದುದನ್ನು ಉಪದೇಶಮಾತ್ರದಿಂದ ಕಳೆಯಲಾಗದು. ಅದಕ್ಕೆ ಇನ್ನೊಂದು ರೂಢಿಯೇ ಬೇಕು. ಸಂನ್ಯಾಸವನ್ನು ಸ್ವೀಕರಿಸಿ ಶ್ರೀರಂಗದಲ್ಲಿ ನೆಲೆಸಿದ ಮೇಲೆ ಆಚಾರ್ಯರು ಅದನ್ನು ನಡೆದು ತೋರಿದರು. ಕಾವೇರಿಗೆ ಸ್ನಾನಕ್ಕೆ ತೆರಳುವಾಗ ಬ್ರಾಹ್ಮಣ ಶಿಷ್ಯರ ಆಸರೆ ಪಡೆಯುತ್ತಿದ್ದ ಅವರು, ಮಿಂದು ಮರಳುವಾಗ ಧನುರ್ದಾಸನೆಂಬ ಮಲ್ಲನ ಹೆಗಲನ್ನು ಹಿಡಿಯುತ್ತಿದ್ದರು. ಕೆಳಗಿನ ಕುಲದವನ ಸ್ಪರ್ಶದಿಂದ ಮಡಿ ಕೆಡುವುದೆಂದು ನಂಬಿದ್ದ ಶಿಷ್ಯರು ಕಳವಳಗೊಂಡರು. ಒಂದು ರಾತ್ರಿ ಆಚಾರ್ಯರು ಅದೇ ಶಿಷ್ಯರನ್ನು ಧನುರ್ದಾಸನ ಮನೆಗೆ ಕಳುಹಿಸಿ, ಮಲಗಿದ್ದ ಅವನ ಪತ್ನಿ ಹೇಮಾಂಬೆಯ ಆಭರಣಗಳನ್ನು ಅಪಹರಿಸುವಂತೆ ಹೇಳಿದರು. ಎಚ್ಚರಗೊಂಡ ಆಕೆ, ಭಾಗವತರಿಗೆ ಕೊರತೆಯಾಗಿರಬಹುದೆಂದು ಭಾವಿಸಿ, ಉಳಿದ ಒಡವೆಗಳೂ ದೊರೆಯಲೆಂದು ಮಗ್ಗುಲಾದಳು. ತಮ್ಮ ಬಟ್ಟೆಯ ತುಂಡಿಗಾಗಿ ಕಲಹವಾಡಿದ್ದ ಶಿಷ್ಯರಿಗೆ ನಿಜವಾದ ಶುದ್ಧಿಯು ಎಲ್ಲಿದೆಯೆಂಬುದು ಆಗ ತಿಳಿಯಿತು.

ಮುಂದೆ ಹೊಯ್ಸಳ ನಾಡಿಗೆ ಬಂದ ಆಚಾರ್ಯರು ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆಯನ್ನು ವ್ಯವಸ್ಥೆಗೊಳಿಸಿದರು. ಉತ್ಸವಮೂರ್ತಿಯನ್ನು ಮರಳಿ ತರುವಲ್ಲಿ ನೆರವಾದ ಅಸ್ಪೃಶ್ಯರನ್ನು ತಿರುಕುಲದವರೆಂದು ಗೌರವಿಸಿ, ಉತ್ಸವದ ನಿಯತ ದಿನಗಳಲ್ಲಿ ಅವರಿಗೆ ಆಲಯಪ್ರವೇಶವನ್ನು ವಿಧಿಸಿದರೆಂದು ಪರಂಪರೆಯು ಸ್ಮರಿಸುತ್ತದೆ. ಕೆಲವು ದಿನಗಳಿಗೆ ಮಾತ್ರ ತೆರೆದ ಬಾಗಿಲು, ಉಳಿದ ದಿನಗಳಲ್ಲಿ ಶತಮಾನಗಳ ಕಾಲ ಮುಚ್ಚಿಯೇ ಇದ್ದಿತು. ಆಚಾರ್ಯರು ಒಂದು ಹೆಜ್ಜೆ ಇಟ್ಟರು. ಮುಂದಿನ ಹೆಜ್ಜೆಯನ್ನು ಅನುಯಾಯಿಗಳು ಇಡಲು ಬಹುಕಾಲ ತಡೆದರು.

ಸಂಪ್ರದಾಯದಂತೆ 1137ರಲ್ಲಿ ಆಚಾರ್ಯರು ಶ್ರೀರಂಗದಲ್ಲಿ ಪರಮಪದವನ್ನೈದಿದರು. ಅವರ ಭಾಷ್ಯವನ್ನು ಅರಿಯಲು ಪಾಂಡಿತ್ಯ ಬೇಕು. ಮಿಂದ ಮೇಲೆ ಅವರು ಹಿಡಿದ ಹೆಗಲಿನ ಅರ್ಥವನ್ನು ತಿಳಿಯಲು ಭಕ್ತಿಯೊಂದೇ ಸಾಕು.