ಶಾಸನಪಿತಾಮಹ ರೈಸ್ ಸಾಹೇಬರು

ಮಿಡಲ್ ಸ್ಕೂಲ್ ತರಗತಿಗಳ ಬಾಲಿಕೆಯರಿಗೆ ಇತಿಹಾಸದ ಪಾಠವು ಬಹುಕಾಲದಿಂದಲೂ ಕಷ್ಟದ ಪಾಠವಾಗಿ ಬಂದಿದೆ. ಅರಸರ ಹೆಸರುಗಳು, ಯುದ್ಧಗಳ ವರ್ಷಗಳು, ಒಪ್ಪಂದಗಳ ಷರತ್ತುಗಳು, ಇವನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಒಪ್ಪಿಸಿ, ಮೂರನೆಯ ದಿನ ಮರೆತುಬಿಡುವುದೇ ಇತಿಹಾಸವೆಂದು ಅನೇಕರು ತಿಳಿದಿರುತ್ತಾರೆ. ಹೆಣ್ಣುಮಕ್ಕಳಿಗೆ ಇದರಿಂದ ಏನು ಪ್ರಯೋಜನವೆಂದು ಕೇಳುವ ತಾಯಿತಂದೆಗಳೂ ಇಲ್ಲದಿಲ್ಲ. ಈ ಪ್ರಶ್ನೆಗೆ ನಾವು ವಾದದಿಂದ ಉತ್ತರ ಹೇಳುವುದಕ್ಕಿಂತ ಒಬ್ಬ ಮಹನೀಯರ ಜೀವಿತವನ್ನು ಮುಂದಿಡುವುದು ಮೇಲೆಂದು ಭಾವಿಸಿ, ಈ ಸ್ಮರಣ ಸಂಚಿಕೆಯಲ್ಲಿ ಬೆಂಜಮಿನ್ ಲೂಯಿ ರೈಸ್ ಸಾಹೇಬರ ಚರಿತ್ರೆಯನ್ನು ಸಂಗ್ರಹವಾಗಿ ಬರೆಯುತ್ತೇವೆ. ನಮ್ಮ ನಾಡಿನ ಮಕ್ಕಳು ಇಂದು ಓದುವ ಕದಂಬರ, ಗಂಗರ, ಹೊಯ್ಸಳರ ಚರಿತ್ರೆಯ ಬಹುಭಾಗವು ಬೆಳಕಿಗೆ ಬಂದುದು ಶಾಲೆಗಳ ಇನ್‌ಸ್ಪೆಕ್ಟರಾಗಿದ್ದ ಈ ಒಬ್ಬ ಉಪಾಧ್ಯಾಯರ ಪರಿಶ್ರಮದಿಂದ ಎಂಬುದು ಎಷ್ಟೋ ಮಂದಿಗೆ ತಿಳಿಯದು.

ರೈಸ್ ಸಾಹೇಬರು ಬೆಂಗಳೂರಿನಲ್ಲಿಯೇ 1837ನೆಯ ಇಸವಿ ಜುಲೈ 17ರಂದು ಹುಟ್ಟಿದರು. ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸರು ಲಂಡನ್ ಮಿಷನ್ನಿನವರು. ಮಗನು ಹುಟ್ಟಿದ ವರ್ಷವೇ ಬೆಂಗಳೂರಿಗೆ ಬಂದು, 1887ರಲ್ಲಿ ತೀರಿಕೊಳ್ಳುವವರೆಗೆ ಐವತ್ತು ವರ್ಷಕಾಲ ಈ ನಾಡಿನಲ್ಲಿಯೇ ಸೇವೆಮಾಡಿದರು. ಕನ್ನಡ ಸತ್ಯವೇದದ ಪರಿಷ್ಕರಣದಲ್ಲಿಯೂ ಶಾಲೆಗಳ ಸ್ಥಾಪನೆಯಲ್ಲಿಯೂ ಅವರ ಕೈವಾಡವಿತ್ತು. ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಈ ತಂದೆಯ ಹೆಸರನ್ನು ಹೊತ್ತಿದೆ. ತಾಯಿ ಜೇನ್ ರೈಸರು 1840ರ ದಶಕದಲ್ಲಿ, ಹೆಣ್ಣುಮಕ್ಕಳಿಗೆ ಓದು ಕಲಿಸುವುದೆಂದರೆ ಜನರು ಹುಬ್ಬೇರಿಸುತ್ತಿದ್ದ ಕಾಲದಲ್ಲಿ, ಮಿಷನ್ನಿನ ಮತ್ತೊಬ್ಬ ಮಹಿಳೆ ಶ್ರೀಮತಿ ಸಿವೆಲ್ ಅವರೊಡನೆ ಸೇರಿ ಬೆಂಗಳೂರಿನ ಬಾಲಿಕೆಯರಿಗೆ ಕನ್ನಡ ಶಾಲೆಗಳನ್ನು ನಡೆಸಿದರು. ಇಂಥ ಮನೆಯಲ್ಲಿ ಬೆಳೆದ ಹುಡುಗನ ಕಿವಿಗೆ ಕನ್ನಡವು ಪರಭಾಷೆಯಾಗಿರಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಇವರ ತಮ್ಮ ಎಡ್ವರ್ಡ್ ಪಿ. ರೈಸರು ಕೂಡ ಮುಂದೆ ಮಿಷನರಿಯಾಗಿ, 1915ರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು ರೈಸರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹಿಂದಿರುಗಿದರು. ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧಿಗೆ ಬಂದುದು ಇದೇ ಶಾಲೆಯು. ಐದು ವರ್ಷಗಳ ಮೇಲೆ, ಅಂದರೆ 1865ರಲ್ಲಿ, ಅವರು ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳಿಗೆ ಇನ್‌ಸ್ಪೆಕ್ಟರಾದರು. ಆಗ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಪಟ್ಟಣಗಳನ್ನು ಬಿಟ್ಟು ಹಳ್ಳಿಗಳ ಕಡೆಗೆ ಸರ್ಕಾರದ ವಿದ್ಯಾಭ್ಯಾಸವು ಕಾಲಿಟ್ಟಿರಲಿಲ್ಲ. 1868ರಲ್ಲಿ ವಿದ್ಯಾಭ್ಯಾಸದ ಇಲಾಖೆಯ ಮುಖ್ಯಾಧಿಕಾರಿಯ ಕೆಲಸವನ್ನು ನೋಡುತ್ತಿದ್ದಾಗ ರೈಸರು ಹೋಬಳಿಗೊಂದು ಶಾಲೆಯೆಂಬ ಏರ್ಪಾಡನ್ನು ಮುಂದಿಟ್ಟರು. ಬೇಸಾಯಗಾರನ ಮಗನು ತನ್ನ ಊರಿನ ಸಮೀಪದಲ್ಲಿಯೇ, ತನ್ನ ನುಡಿಯಲ್ಲಿಯೇ ಓದು ಬರಹವನ್ನೂ ಲೆಕ್ಕವನ್ನೂ ಕಲಿಯಬೇಕೆಂಬುದು ಅದರ ಉದ್ದೇಶ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಕ್ಷರವು ಹರಡಿದುದಕ್ಕೆ ಈ ಹೋಬಳಿ ಶಾಲೆಗಳೇ ಮೊದಲ ಮೆಟ್ಟಿಲೆಂದರೆ ಅತಿಶಯೋಕ್ತಿಯಲ್ಲ. ಅವರು 1881ರ ಮೈಸೂರು ಜನಗಣತಿಯನ್ನು ನಡೆಸಿಕೊಟ್ಟರು. 1882ರಲ್ಲಿ ಇಂಡಿಯದ ವಿದ್ಯಾಭ್ಯಾಸವನ್ನು ವಿಚಾರಿಸಲು ನೇಮಕವಾದ ಹಂಟರ್ ಕಮಿಷನ್ನಿಗೆ ಕಾರ್ಯದರ್ಶಿಯಾಗಿದ್ದರು.

ಇಷ್ಟೇ ಆಗಿದ್ದರೆ ಅವರು ಒಬ್ಬ ಒಳ್ಳೆಯ ಅಧಿಕಾರಿಯೆನಿಸಿಕೊಂಡು ಮರೆತುಹೋಗುತ್ತಿದ್ದರು. ಶಾಲೆಗಳನ್ನು ಪರೀಕ್ಷಿಸುವುದಕ್ಕಾಗಿ ಕುದುರೆಯ ಮೇಲೆ ಊರೂರು ತಿರುಗುತ್ತಿದ್ದಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲುಗಳು ಅವರ ಕಣ್ಣಿಗೆ ಬಿದ್ದುವು. ಊರಿನವರಿಗೆ ಆ ಕಲ್ಲು ಗೊತ್ತು, ಅದರ ಅಕ್ಷರ ಗೊತ್ತಿಲ್ಲ. ಕೆಲವರು ಅದರಲ್ಲಿ ನಿಕ್ಷೇಪದ ಗುರುತಿದೆಯೆಂದು ನಂಬುವರು. ಕೆಲವರು ಅದರ ಮೇಲೆ ಬಟ್ಟೆ ಒಗೆಯುವರು. ಬರೆದವರ ಮೊಮ್ಮಕ್ಕಳೇ ಓದಲಾರದ ಈ ಕಾಗದವನ್ನು ಓದುವವರಾರು ಎಂಬ ಚಿಂತೆಯು ರೈಸರನ್ನು ಹಿಡಿಯಿತು. 1873ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯು ತೆಗೆದಿಟ್ಟಿದ್ದ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ಓದಿ ಭಾಷಾಂತರಿಸುವ ಕೆಲಸವು ಅವರ ಪಾಲಿಗೆ ಬಂದಿತು. ಅದರ ಫಲವಾಗಿ 1879ರಲ್ಲಿ ಮೈಸೂರಿನ ಶಾಸನಗಳ ಮೊದಲ ಗ್ರಂಥವು ಹೊರಬಿದ್ದಿತು. ಇದರ ನಡುವೆ, 1876ರಿಂದ 1878ರವರೆಗೆ, ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು ಮೂರು ಸಂಪುಟಗಳಲ್ಲಿ ಬರೆದು ಮುಗಿಸಿದರು.

ಮುಂದೆ ಸಂಸ್ಥಾನದ ಪ್ರಾಚ್ಯ ಸಂಶೋಧನೆಯ ಇಲಾಖೆಗೆ ಅವರೇ ಮೊದಲ ಮುಖ್ಯಾಧಿಕಾರಿಯಾದರು. ಆರಂಭದಲ್ಲಿ ಇತರ ಕೆಲಸಗಳ ಜೊತೆಗೆ ಇದನ್ನು ಹೊತ್ತಿದ್ದವರು 1890ರಿಂದ 1906ರಲ್ಲಿ ನಿವೃತ್ತರಾಗುವವರೆಗೆ ಇದೊಂದಕ್ಕೇ ತಮ್ಮನ್ನು ಕೊಟ್ಟುಕೊಂಡರು. ತಾಲ್ಲೂಕು ತಾಲ್ಲೂಕಾಗಿ, ಹಳ್ಳಿ ಹಳ್ಳಿಯಾಗಿ ಹುಡುಕುವುದು ಅವರ ಕ್ರಮ. ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ತಟ್ಟಿ ಕಾಗದವು ಅಕ್ಷರದ ಕುಳಿಗಳೊಳಕ್ಕೆ ಇಳಿಯುವಂತೆ ಮಾಡಿ, ಮೇಲೆ ಮಸಿ ಹಚ್ಚಿದರೆ ಅಕ್ಷರಗಳು ಬಿಳಿದಾಗಿ ಎದ್ದು ಕಾಣುವುವು. ಹೀಗೆ ತೆಗೆದ ಅಚ್ಚನ್ನು ಪಂಡಿತರು ಓದಿ, ಪ್ರತಿ ಬರೆದು, ಅರ್ಥವನ್ನು ನಿರ್ಣಯಿಸುವರು. ಈ ದೇಶೀಯ ಪಂಡಿತರ ನೆರವಿಲ್ಲದೆ ರೈಸರ ಕಾರ್ಯವು ನಡೆಯುತ್ತಿರಲಿಲ್ಲವೆಂಬುದನ್ನು ನಮ್ಮ ಮಕ್ಕಳು ಮರೆಯಬಾರದು. 1899ರಲ್ಲಿ ಅವರ ಇಲಾಖೆಯನ್ನು ಸೇರಿದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೆ ಬಂದರು. ಕರ್ಣಾಟಕ ಕವಿಚರಿತೆಯ ಕರ್ತರು ಇವರೇ.

ಈ ಪರಿಶ್ರಮದ ಫಲವೇ ಎಪಿಗ್ರಾಫಿಯ ಕರ್ನಾಟಿಕಾ ಎಂಬ ಹನ್ನೆರಡು ಸಂಪುಟಗಳು. ಕೊಡಗಿನ ಶಾಸನಗಳ ಮೊದಲ ಸಂಪುಟವು 1886ರಲ್ಲಿ ಬಂದಿತು; 1905ರ ಹೊತ್ತಿಗೆ ಹನ್ನೆರಡೂ ಪೂರ್ತಿಯಾದುವು. ಸುಮಾರು 9000 ಶಾಸನಗಳು ಇವುಗಳಲ್ಲಿ ಅಡಗಿವೆ. ಇದರೊಡನೆಯೇ ಹಳಗನ್ನಡ ಕಾವ್ಯಗಳ ಗ್ರಂಥಮಾಲೆಯೊಂದನ್ನೂ ಅವರು ನಡೆಸಿದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣವು 1884ರಲ್ಲಿಯೂ, ಪಂಪಭಾರತವು 1898ರಲ್ಲಿಯೂ ಅಚ್ಚಿನ ಮುಖವನ್ನು ಕಂಡುವು, ಕೆ. ಬಿ. ಪಾಠಕರು ಪರಿಶೋಧಿಸಿದ ಕವಿರಾಜಮಾರ್ಗವೂ ಅದೇ 1898ರಲ್ಲಿ ಅದೇ ಮಾಲೆಯಲ್ಲಿ ಹೊರಬಂದಿತು.

ಆ ಕಲ್ಲುಗಳು ಹೇಳುವುದಾದರೂ ಏನು? ಇದನ್ನು ಕೇಳಿದರೆ ಇತಿಹಾಸವು ಒಣಪಾಠವೆಂಬ ಭಾವನೆಯು ತಾನಾಗಿಯೇ ಹೋಗುವುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ಬೆಳಕಿಗೆ ತಂದವರು ರೈಸರು. ಅದರಲ್ಲಿ ಒಬ್ಬ ವಿದ್ಯಾರ್ಥಿಯ ಕಥೆಯಿದೆ. ಮಯೂರಶರ್ಮನೆಂಬ ತರುಣನು ಗುರುವಾದ ವೀರಶರ್ಮನೊಡನೆ ಓದುವುದಕ್ಕಾಗಿ ಕಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ರಾವುತನೊಡನೆ ಜಗಳವಾಗಿ ಅವಮಾನಹೊಂದಿ, ಪುಸ್ತಕವನ್ನು ಬಿಟ್ಟು ಕತ್ತಿಯನ್ನು ಹಿಡಿದು, ಕಡೆಗೆ ಕದಂಬರ ರಾಜ್ಯವನ್ನೇ ಕಟ್ಟಿದನು. ಕುಬ್ಜನೆಂಬ ಕವಿಯು ಇದನ್ನು ಸಂಸ್ಕೃತದಲ್ಲಿ ರಚಿಸಿದನು. ಇದೇ ಶಿಕಾರಿಪುರ ಸೀಮೆಯ ಬಂದಳಿಕೆಯ ಶಾಸನವು, ಹತ್ತನೆಯ ಶತಮಾನದಲ್ಲಿ ಗಂಡನು ತೀರಿಕೊಂಡ ಬಳಿಕ ನಾಗರಖಂಡ ಎಪ್ಪತ್ತರ ಆಡಳಿತವನ್ನು ವಹಿಸಿಕೊಂಡು ಸಮರ್ಥವಾಗಿ ನಡೆಸಿದ ಜಕ್ಕಿಯಬ್ಬೆಯೆಂಬ ಮಹಿಳೆಯನ್ನು ಹೊಗಳುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಹೊಯ್ಸಳರ ರಾಣಿ ಶಾಂತಲೆಯ ದಾನಧರ್ಮಗಳೂ, 1131ರಲ್ಲಿ ಶಿವಗಂಗೆಯಲ್ಲಿ ಆಕೆಯು ದೇಹ ಬಿಟ್ಟುದೂ ದೊರೆಯುತ್ತವೆ. ಹೆಣ್ಣುಮಕ್ಕಳಿಗೆ ಇತಿಹಾಸವೇಕೆಂದು ಕೇಳುವವರು ಈ ಕಲ್ಲುಗಳನ್ನು ಕೇಳಲಿ.

ಎಲ್ಲಕ್ಕಿಂತ ಹೆಚ್ಚಿನ ಕೀರ್ತಿಯು 1892ರಲ್ಲಿ ಬಂದಿತು. ಚಿತ್ರದುರ್ಗದ ಸೀಮೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ರೈಸರು ಅಶೋಕ ಚಕ್ರವರ್ತಿಯ ಬಂಡೆಶಾಸನಗಳನ್ನು ಕಂಡುಹಿಡಿದರು. ಮೌರ್ಯರ ಆಳಿಕೆಯು ಇಷ್ಟು ತೆಂಕಣಕ್ಕೆ ಹಬ್ಬಿತ್ತೆಂಬುದಕ್ಕೆ ಅದುವರೆಗೆ ಇಂಥ ಸಾಕ್ಷ್ಯವಿರಲಿಲ್ಲ. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಆ ಬಂಡೆಯ ಉಪದೇಶ. ಅದನ್ನು ಬರೆದ ಲಿಪಿಕಾರನಾದ ಚಪಡನು ತನ್ನ ಹೆಸರನ್ನು ಹೇಳಿ, ಕೊನೆಯ ಪದವನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿಟ್ಟಿದ್ದಾನೆ. ಈ ಸಂಗತಿಯನ್ನು ತಿಳಿಸಿದಾಗ ನಮ್ಮ ಏಳನೆಯ ತರಗತಿಯ ಬಾಲಿಕೆಯರ ಕಣ್ಣುಗಳು ಅರಳುವುದನ್ನು ನಾವು ವರ್ಷವರ್ಷವೂ ಕಂಡಿದ್ದೇವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಒಬ್ಬ ಬರಹಗಾರನು ಪುಟದ ಕೊನೆಯಲ್ಲಿ ತನ್ನ ಜಾಣತನವನ್ನು ತೋರಿಸಿಹೋದನೆಂಬುದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ತಮ್ಮ ನೋಟುಪುಸ್ತಕದಲ್ಲಿ ಅವರೂ ಅದನ್ನೇ ಮಾಡುತ್ತಾರಷ್ಟೆ.

ರೈಸರು ಹೇಳಿದುದೆಲ್ಲವೂ ನಿಂತಿತೆಂದು ನಾವು ಹೇಳುವುದಿಲ್ಲ. ಗಂಗರ ಹಳೆಯ ತಾಮ್ರಶಾಸನಗಳು ಕೃತಕವೆಂದು ಫ್ಲೀಟ್ ಎಂಬ ವಿದ್ವಾಂಸರು ಬಲವಾಗಿ ಆಕ್ಷೇಪಿಸಿದರು. ರೈಸರು ಅವು ನಿಜವೆಂದೇ ವಾದಿಸಿದರು. ಮುಂದಿನ ಪಂಡಿತರು ಕೆಲವನ್ನು ತಳ್ಳಿಹಾಕಿ ಕೆಲವನ್ನು ಒಪ್ಪಿಕೊಂಡರು. ಹೀಗೆ ಇಬ್ಬರೂ ಒಂದೊಂದು ಕಡೆ ಸರಿ, ಒಂದೊಂದು ಕಡೆ ತಪ್ಪು. ಆದರೆ ರೈಸರು ಮೂಲಪಾಠಗಳನ್ನು ಅಚ್ಚುಹಾಕಿಸಿ ಎಲ್ಲರ ಮುಂದಿಟ್ಟಿದ್ದರಿಂದಲೇ ಅವರ ತಪ್ಪನ್ನು ತೋರಿಸುವುದು ಇತರರಿಗೆ ಸಾಧ್ಯವಾಯಿತು. ಸಾಕ್ಷ್ಯವನ್ನು ಮುಚ್ಚಿಡದೆ ತೆರೆದಿಡುವುದೇ ವಿದ್ವಾಂಸನ ಸತ್ಯನಿಷ್ಠೆ. ಮಿಷನರಿಯ ಮಗನಾಗಿ ಹುಟ್ಟಿದ ಇವರು ಜೈನರ ಬಸದಿಯ ಕಲ್ಲನ್ನೂ ಶಿವಾಲಯದ ಕಲ್ಲನ್ನೂ ಒಂದೇ ಆದರದಿಂದ ಓದಿದರೆಂಬುದು ನಮ್ಮಂಥ ಶಾಲೆಗಳು ವಿಶೇಷವಾಗಿ ಮನಸ್ಸಿನಲ್ಲಿಡಬೇಕಾದ ವಿಷಯ.

ನಿವೃತ್ತರಾದ ಮೇಲೆ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಸುಮ್ಮನೆ ಕೂಡಲಿಲ್ಲ. ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. 1927ನೆಯ ಇಸವಿ ಜುಲೈ 10ರಂದು, ತೊಂಬತ್ತು ವರ್ಷ ತುಂಬುವುದಕ್ಕೆ ಒಂದು ವಾರವಿರುವಾಗ, ಹ್ಯಾರೋ ಎಂಬಲ್ಲಿ ದೈವಾಧೀನರಾದರು. ಕನ್ನಡಿಗರು ಅವರನ್ನು ಶಾಸನಪಿತಾಮಹರೆಂದು ಕರೆದು ಗೌರವಿಸುತ್ತಾರೆ. ಅವರು ತೊಡಗಿಸಿದ ಕೆಲಸವು ಅವರೊಡನೆ ಮುಗಿಯಲಿಲ್ಲ. 1915ರಲ್ಲಿ ಮಸ್ಕಿಯಲ್ಲಿ ಅಶೋಕನೆಂಬ ಹೆಸರೇ ಇರುವ ಶಾಸನವು ದೊರೆಯಿತು, 1936ರಲ್ಲಿ ಎಂ. ಎಚ್. ಕೃಷ್ಣ ಅವರು ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. 2013ರಲ್ಲಿ ತಾಳಗುಂದದಲ್ಲಿಯೇ ಇನ್ನೊಂದು ಕಲ್ಬರಹವು ಸಿಕ್ಕಿ, ಅದು ಹಲ್ಮಿಡಿಗಿಂತಲೂ ಹಳೆಯದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಇತಿಹಾಸದ ಪಾಠವು ಪುಸ್ತಕದೊಳಗೆ ಮುಗಿಯಬಾರದೆಂದು ನಾವು ಮಿಡಲ್ ಸ್ಕೂಲಿನ ಬಾಲಿಕೆಯರನ್ನು ಸಮೀಪದ ಹಳ್ಳಿಯ ವೀರಗಲ್ಲಿನ ಬಳಿಗೆ ಕರೆದುಕೊಂಡು ಹೋಗುತ್ತೇವೆ. ಒಂದು ಸಲ ಕಾಗದವನ್ನಿಟ್ಟು ಸೀಸದಕಡ್ಡಿಯನ್ನು ಉಜ್ಜುತ್ತಿದ್ದ ಹುಡುಗಿಯೊಬ್ಬಳಿಗೆ ಸ್ವಸ್ತಿ ಎಂಬ ಎರಡಕ್ಷರಗಳು ಕಂಡುವು. ಆಕೆಯ ಕೂಗಿಗೆ ಹೊಲದಲ್ಲಿದ್ದವರೂ ಓಡಿಬಂದರು. ಆ ಕಲ್ಲಿನ ಒಡೆಯನಾದ ರೈತನು, ಹೊಸ ಮನೆಯ ಮೆಟ್ಟಿಲಿಗೆ ಅದನ್ನು ಹಾಕಬೇಕೆಂದಿದ್ದವನು, ಇನ್ನು ಅದನ್ನು ಮುಟ್ಟುವುದಿಲ್ಲವೆಂದು ಮಾತುಕೊಟ್ಟನು. ಆ ಕಲ್ಲು ಇಂದಿಗೂ ಅಲ್ಲಿಯೇ ನಿಂತಿದೆ. ಆ ದಿನದ ಪಾಠವನ್ನು ಆ ತರಗತಿಯವರು ಯಾರೂ ಮರೆತಿಲ್ಲವೆಂದು ಅವರ ಕಾಗದಗಳಿಂದ ತಿಳಿಯುತ್ತೇವೆ.

ಎಲ್ಲ ಕಲ್ಲುಗಳಿಗೂ ಈ ಭಾಗ್ಯವಿಲ್ಲ. ರೈಸರು ಕಂಡು ಬರೆದಿಟ್ಟ ಎಷ್ಟೋ ಶಾಸನಗಳು ರಸ್ತೆಯ ಜಲ್ಲಿಯಾಗಿ, ಕಟ್ಟಡದ ಬುನಾದಿಯಾಗಿ ಹೋಗಿ, ಅವರ ಸಂಪುಟಗಳಲ್ಲಿ ಪಾಠ ಮಾತ್ರ ಉಳಿದಿದೆ. ಉಳಿದವನ್ನು ಕಾಪಾಡುವುದು ಯಾವ ಇಲಾಖೆಯೊಂದರಿಂದಲೇ ಆಗತಕ್ಕ ಕೆಲಸವಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗ ಅನೇಕ ಊರುಗಳಲ್ಲಿ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇದ್ದಾರೆ. ತಮ್ಮ ಊರಿನ ಗುಡಿಯ ಹಿಂದೆ, ಕೆರೆಯ ತೂಬಿನ ಬಳಿ ಅಕ್ಷರವುಳ್ಳ ಕಲ್ಲಿದ್ದರೆ ಅದನ್ನು ಮಕ್ಕಳಿಗೆ ತೋರಿಸಿರಿ, ಅದರ ಮೇಲೆ ಸುಣ್ಣ ಬಳಿಯದಂತೆ ನೋಡಿಕೊಳ್ಳಿರಿ, ಓದಬಲ್ಲವರಿಗೆ ತಿಳಿಸಿರಿ ಎಂದು ನಾವು ಕೇಳಿಕೊಳ್ಳುತ್ತೇವೆ. ತಾಯಿತಂದೆಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ: ಮಗಳು ಇತಿಹಾಸದಲ್ಲಿ ಎಷ್ಟು ಗುಣಗಳನ್ನು ಪಡೆದಳೆಂದು ವಿಚಾರಿಸುವ ದಿನ, ಅವಳು ಯಾವ ಪ್ರಶ್ನೆಯನ್ನು ಕೇಳಿದಳೆಂಬುದನ್ನೂ ವಿಚಾರಿಸಿರಿ. ಶಾಲೆಗಳನ್ನು ನೋಡಲು ಹೊರಟ ಒಬ್ಬ ಉಪಾಧ್ಯಾಯರು ದಾರಿಯ ಕಲ್ಲಿನ ಮುಂದೆ ಕುದುರೆಯಿಂದಿಳಿದು ಕೇಳಿದ ಪ್ರಶ್ನೆಯಿಂದ ಒಂದು ನಾಡಿಗೆ ತನ್ನ ಚರಿತ್ರೆಯು ದೊರೆಯಿತು. ಅಂಥ ಪ್ರಶ್ನೆಯನ್ನು ಕೇಳುವ ಬುದ್ಧಿಯನ್ನೂ, ಉತ್ತರವನ್ನು ಹುಡುಕುವ ತಾಳ್ಮೆಯನ್ನೂ ಸರ್ವಶಕ್ತನು ನಮ್ಮ ಬಾಲಿಕೆಯರಿಗೆ ಅನುಗ್ರಹಿಸಲಿ.