ಬೆಸ್ಸಿ ಸ್ಮಿತ್ ಅವರ ಸಮಾಧಿಯ ಕಲ್ಲು



ಇಂದು ಬೆಸ್ಸಿ ಸ್ಮಿತ್ ಅವರನ್ನು ನೆನೆಯೋಣ. ಅಮೆರಿಕದ ಚಟನೂಗದಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು. ಸಹೋದರ ಗಿಟಾರ್ ನುಡಿಸಿದರೆ ಇವರು ಬೀದಿಯಲ್ಲಿ ಹಾಡಿ ಕಾಸು ಕೂಡಿಸುತ್ತಿದ್ದರು. ಗುಲಾಮರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಬ್ಲೂಸ್ ಹಾಡುಗಳು ಅವರ ಕಂಠಕ್ಕೆ ಒಲಿದವು. 1923ರಲ್ಲಿ ಕೊಲಂಬಿಯಾ ಕಂಪನಿ (ಬಾಬಾಸಾಹೇಬರು ಓದಿದ ವಿಶ್ವವಿದ್ಯಾಲಯ ಬೇರೆ) ತಂದ ಮೊದಲ ರೆಕಾರ್ಡ್ ಲಕ್ಷಗಟ್ಟಲೆ ಮಾರಿತು. ಅವರಿಗೆ ಸಿಕ್ಕಿದ್ದು ಹಾಡಿಗಿಷ್ಟು ಎಂಬ ಕೂಲಿ, ಮಾರಾಟದಲ್ಲಿ ಪಾಲಿಲ್ಲ.

1937ರ ಸೆಪ್ಟೆಂಬರ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಕಾರು ಅಪಘಾತವಾಗಿ ತೀರಿಕೊಂಡರು. ಬಿಳಿಯರ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ ಎಂಬ ಮಾತಿದೆ. ನಾನೂ ತರಗತಿಯಲ್ಲಿ ಹಾಗೇ ಹೇಳಿದ್ದೆ, ಅದು ತಪ್ಪು. ಆಂಬುಲೆನ್ಸ್ ನೇರವಾಗಿ ಕಪ್ಪುಜನರ ಆಸ್ಪತ್ರೆಗೇ ಹೋಯಿತು. ಇನ್ನೊಂದು ಆಸ್ಪತ್ರೆಯ ಯೋಚನೆ ಅಲ್ಲಿ ಯಾರಿಗೂ ಬರುವಂತಿರಲಿಲ್ಲ. ಊರ ಬಾವಿಗೆ ಯಾಕೆ ಹೋಗುತ್ತಿರಲಿಲ್ಲವೆಂದು ಒಮ್ಮೆ ನನ್ನ ಅಜ್ಜಿಯನ್ನು ಕೇಳಿದ್ದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಫಿಲಡೆಲ್ಫಿಯಾದಲ್ಲಿ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರು. ಆದರೂ ಸಮಾಧಿಗೆ 33 ವರ್ಷ ಹೆಸರಿನ ಕಲ್ಲು ಇರಲಿಲ್ಲ. 1970ರಲ್ಲಿ ಅದಕ್ಕೆ ಹಣ ಕೊಟ್ಟವರು ಬಿಳಿಯ ಗಾಯಕಿ ಜಾನಿಸ್ ಜಾಪ್ಲಿನ್ ಮತ್ತು ಹುಡುಗಿಯಾಗಿದ್ದಾಗ ಬೆಸ್ಸಿಯವರ ಮನೆಗೆಲಸ ಮಾಡುತ್ತಿದ್ದ ಹ್ವಾನಿಟಾ ಗ್ರೀನ್.