ಪತ್ರಿಕೆ ನಿಂತಿತು, ಬ್ರಹ್ಮಾವರದ ನಂಟು ನಿಲ್ಲಲಿಲ್ಲ

ಕುಂದಾಪುರದಿಂದ ಉಡುಪಿ ಬಸ್ಸಿನಲ್ಲಿ ಓಡಾಡುವವರಿಗೆ ಬ್ರಹ್ಮಾವರದ ಎಸ್.ಎಂ.ಎಸ್. ಕಾಲೇಜು ಗೊತ್ತೇ ಉಂಟು. ಸೈಂಟ್ ಮೇರೀಸ್ ಸಿರಿಯನ್ ಅಂತ ಅದರ ಅರ್ಥ. ಕೇರಳದ ಸಿರಿಯನ್ ಸಭೆಗೂ ಕೊಂಕಣಿ ಮಾತಾಡುವ ನಮ್ಮೂರ ಕ್ರೈಸ್ತರಿಗೂ ಎಲ್ಲಿಂದೆಲ್ಲಿಯ ನಂಟು? ಈ ನಂಟು ಕೂಡಿಸಿದವರು ಒಬ್ಬ ಪತ್ರಿಕೆ ಸಂಪಾದಕರು ಅಂದ್ರೆ ನಂಬಬೇಕು.

ಅವರೇ ಅಲ್ವಾರಿಸ್ ಪಾದ್ರಿ. 1836ರಲ್ಲಿ ಗೋವೆಯ ವೆರ್ಣದಲ್ಲಿ ಹುಟ್ಟಿದವರು. ದೀಕ್ಷೆ ಪಡೆದರೂ ಬರೀ ಪೂಜೆ, ಪ್ರಾರ್ಥನೆಯಲ್ಲೇ ಕೂರುವ ಜನವಲ್ಲ. ಶಿಲುಬೆ, ಸತ್ಯ, ಗೋವೆಯ ಪ್ರಗತಿ ಎಂಬರ್ಥದ ಪೋರ್ಚುಗೀಸ್ ಹೆಸರುಗಳಲ್ಲಿ ಒಂದರ ಹಿಂದೆ ಒಂದು ಪತ್ರಿಕೆ ನಡೆಸಿದರು. ಸರಕಾರವನ್ನೂ ಬಿಡಲಿಲ್ಲ, ಸ್ವಂತ ಧರ್ಮಗುರುಗಳನ್ನೂ ಬಿಡಲಿಲ್ಲ. ಸಭೆಯಿಂದ ಬಹಿಷ್ಕಾರವೇ ಆಯಿತು.

ಅದೇ ಹೊತ್ತಿಗೆ ನಮ್ಮ ಕಡೆಯೂ ಗಲಾಟೆ. 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಗೋವೆಯ ಕೈಯಲ್ಲಿದ್ದ ಇಲ್ಲಿನ ಇಗರ್ಜಿಗಳು ಬೇರೆ ಆಡಳಿತಕ್ಕೆ ಹೋದವು. ಬ್ರಹ್ಮಾವರದ ಕೆಲವರಿಗೆ ಇದು ಸರಿಬೀಳಲಿಲ್ಲ. ಅಲ್ವಾರಿಸರು ಅವರ ಪಕ್ಷ ನಿಂತರು. 1889ರ ಜುಲೈ 29ರಂದು ಕೋಟ್ಟಯಂನಲ್ಲಿ ಸಿರಿಯನ್ ಸಭೆಯ ಬಿಷಪರಾಗಿ ಮಾರ್ ಜೂಲಿಯಸ್ ಆದರು. ಸಿಲೋನ್ ದ್ವೀಪವೂ ಅವರ ವ್ಯಾಪ್ತಿಗೆ ಸೇರಿತ್ತು. ಬ್ರಹ್ಮಾವರದ ಕೆಲಸವನ್ನು ಜತೆಗಾರ ನೊರೊನ್ಹಾ ಪಾದ್ರಿ ಹೊತ್ತುಕೊಂಡರು. 1936ರಲ್ಲಿ ತೀರಿಕೊಳ್ಳುವವರೆಗೂ ಅವರು ಊರು ಬಿಡಲಿಲ್ಲ.

ಬಿಷಪರಾದ ಮೇಲಾದರೂ ಅಲ್ವಾರಿಸರು ಪೆನ್ನು ಕೆಳಗಿಟ್ಟರೇ? ಇಲ್ಲ ಮಾರಾಯ್ರೆ! 1894ರಲ್ಲಿ ಮತ್ತೊಂದು ಪತ್ರಿಕೆ ತೆಗೆದರು. ಭಾರತದ ಕೂಗು ಅಂತ ಅದರ ಹೆಸರಿನ ಅರ್ಥ. ಮಾರನೆ ವರ್ಷ ಗೋವೆಯಲ್ಲಿ ದಂಗೆಯೆದ್ದಾಗ ಪೊಲೀಸರು ಇವರನ್ನೂ ಹಿಡಿದರು. ಬಿಷಪರ ಉಡುಪು ತೊಟ್ಟದ್ದೂ ತಪ್ಪಾಯಿತು. ಪತ್ರಿಕೆ ಅಲ್ಲಿಗೆ ನಿಂತಿತು.

ಆಮೇಲೆ ಅವರು ಹಿಡಿದದ್ದು ಬಡವರ ದಾರಿ. ಕಾಲರಾಕ್ಕೆ ಏನು ಮಾಡಬೇಕೆಂದು ಪುಸ್ತಿಕೆ ಬರೆದರು. ಪಣಜಿಯಲ್ಲಿ ದಿಕ್ಕಿಲ್ಲದವರನ್ನು ಸೇರಿಸಿಕೊಂಡು, ಅವರ ಊಟಕ್ಕಾಗಿ ತಾವೇ ಬೀದಿಯಲ್ಲಿ ಭಿಕ್ಷೆ ಎತ್ತಿದರು. 1923ರ ಸೆಪ್ಟೆಂಬರ್ 23ರಂದು ರಾಯಬಂದರ್ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ವಯಸ್ಸು 87. ಕೊನೆಗಳಿಗೆಯಲ್ಲೂ ಹಳೆ ಸಭೆಗೆ ಮರಳಲು ಒಪ್ಪಲಿಲ್ಲ. ಆದರೂ ಮಣ್ಣಿಗೆ ಬಂದವರಲ್ಲಿ ಜಾತಿ ಮತದ ಲೆಕ್ಕ ಇರಲಿಲ್ಲ.

ಅವರು ಮಾಡಿದ್ದೆಲ್ಲ ಸರಿಯೋ ತಪ್ಪೋ, ಆ ಜಗಳ ಈಗ ನಮಗೆ ಬೇಡ. ಬರೆದದ್ದಕ್ಕೆ ಬೆಲೆ ತೆತ್ತರು, ಬರೆದದ್ದನ್ನು ತಿನ್ನಲಿಲ್ಲ. ಪತ್ರಿಕೆಗಳು ಒಂದೂ ಉಳಿಯಲಿಲ್ಲ, ಬ್ರಹ್ಮಾವರದ ಸಭೆ ಉಳಿಯಿತು. ನಾಳೆ ಆ ದಾರಿಯಲ್ಲಿ ಬಸ್ಸು ನಿಂತಾಗ ಒಮ್ಮೆ ನೆನೆಸಿಕೊಳ್ಳಿ.